ಒಣಗದ ಅಸ್ತರಿ

ಟ್ರಂಕಿನ ಒಳಗೆ ಬಟ್ಟೆ ಅಂಟಿಸುವುದು ನನ್ನ ಕೆಲಸ. ಬೀರೂರಿನ ಸ್ಟೇಷನ್ ಹಿಂದಿನ ಬೀದಿಯಲ್ಲಿ ನಮ್ಮಪ್ಪ ತಗಡಿನ ಟ್ರಂಕು ಮಾಡುತ್ತಿದ್ದರು. ಮದುವೆಯ ಹೆಣ್ಣಿಗೆ, ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ, ರೈಲಿನ ಗಾರ್ಡುಗಳಿಗೆ. ತಗಡು ಬಡಿಯುವುದು ಅವರದು, ಒಳಗಿನ ಅಸ್ತರಿ ನನ್ನದು. ಮದುವೆಯಾಗಿ ಅಜ್ಜಂಪುರಕ್ಕೆ ಹೋದವಳು ನಾಲ್ಕೇ ವರ್ಷಕ್ಕೆ ಅತ್ತೆಯ ಜೊತೆ ಜಗಳ ಕಾದು ವಾಪಸ್ಸು ಬಂದೆ. ಆಮೇಲೆ ಆ ಕೆಲಸವೇ ನನ್ನನ್ನು ಸಾಕಿತು. ಈಗ ತಗಡಿನ ಟ್ರಂಕನ್ನು ಕೇಳುವವರಿಲ್ಲ. ಅಪ್ಪನೂ ಇಲ್ಲ. ಅಂಗಡಿಯ ಮುಂಭಾಗವನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟುಕೊಟ್ಟು, ಹಿಂದಿನ ಕೋಣೆ ಮತ್ತು ತಾರಸಿಯನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದಾಗ ಕೆಮ್ಮಣ್ಣುಗುಂಡಿ ದಾರಿಯ ಹೋಂಸ್ಟೇಗಳವರಿಗೆ ಹಳೆಯ ಪೆಟ್ಟಿಗೆಗಳ ಹುಚ್ಚು ಹಿಡಿಯಿತು. ಎಲ್ಲೆಲ್ಲಿಂದಲೋ ತರಿಸುತ್ತಾರೆ, ನನ್ನ ಹತ್ತಿರ ಸರಿ ಮಾಡಿಸುತ್ತಾರೆ, ಮೇಲೆ ಗಾಜು ಹಾಕಿ ಟೀಪಾಯಿ ಮಾಡಿಕೊಳ್ಳುತ್ತಾರೆ. ಯಾರದೋ ಮುತ್ತಾತ ದೇಶ ಸುತ್ತಿದ ಪೆಟ್ಟಿಗೆಯ ಮೇಲೆ ಇವರ ಕಾಫಿ ಲೋಟ. ನನಗೆ ಒಳಗೊಳಗೇ ನಗು. ಆದರೂ ಬಂದ ಕೆಲಸವನ್ನು ಬಿಟ್ಟವಳಲ್ಲ.

ಹೋದ ಬೇಸಿಗೆಯಲ್ಲಿ ಕಡೂರಿನ ಗುಜರಿಯವನು ಅಂಥದ್ದೊಂದನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಅವನು ಬಾಯಿ ಬಿಟ್ಟರೆ ಬರೀ ಬಡಾಯಿ.

“ಅಕ್ಕಾ, ಹಡಗಿನ ಪೆಟ್ಗೆ ಕಣಕ್ಕ ಇದು. ಸಮುದ್ರದ ಮ್ಯಾಲೆ ಹೋಗ್ಬಂದಿರೋದು. ತರೀಕೆರೇಲಿ ಒಂದು ಮನೆಗೆ ಸುಣ್ಣ ಹೊಡೀತಿದ್ರು, ಜಗಲಿ ಮ್ಯಾಲೆ ಇಟ್ಟಿದ್ರು. ಕೇಳ್ದೆ, ತಗಂಡೋಗಪ್ಪ ಅಂದ್ರು. ಲಿಂಗದಹಳ್ಳಿ ಕಡೆ ಹೋಂಸ್ಟೇಯೋರು ಆಗ್ಲೇ ಫೋಟೊ ನೋಡಿ ಒಪ್ಕಂಡವ್ರೆ.”

“ಎಲ್ಲಾ ಪೆಟ್ಗೆನೂ ನಿಂಗೆ ಹಡಗಿಂದೇ ಕಣೋ” ಎಂದೆ. ಆದರೆ ಈ ಸಲ ಅವನು ಹೇಳಿದ್ದು ನಿಜವಾಗಿತ್ತು. ಮರದ ಚೌಕಟ್ಟಿಗೆ ದಪ್ಪ ಕ್ಯಾನ್ವಾಸ್ ಬಿಗಿದು, ಅದರ ಮೇಲೆ ಮರದ ಪಟ್ಟಿಗಳನ್ನು ಹೊಡೆದು, ಮೂಲೆಗಳಿಗೆ ಹಿತ್ತಾಳೆ ಕಟ್ಟಿದ್ದರು. ಉದ್ದ ಎರಡು ಮೊಳ, ಎತ್ತರ ಒಂದೂವರೆ ಗೇಣು ಮಾತ್ರ. ಹಡಗಿನ ಮಂಚದ ಕೆಳಗೆ ತಳ್ಳಲು ಹೀಗೆ ಗಿಡ್ಡವಾಗಿ ಮಾಡುತ್ತಿದ್ದರೆಂದು ಅಪ್ಪ ಹೇಳಿದ್ದು ನೆನಪಿತ್ತು. ಪಕ್ಕಕ್ಕೆ ಬೊಂಬಾಯಿಯ ಯಾವುದೋ ಹಡಗು ಕಂಪನಿಯ ಚೀಟಿ ಅರ್ಧ ಅಂಟಿಕೊಂಡಿತ್ತು. ಒಳಗಿನ ಹಳೆಯ ಕಾಗದವನ್ನು ಗೆದ್ದಲು ತಿಂದಿತ್ತು.

ಹಳೆಯದನ್ನೆಲ್ಲ ಕೆರೆದು ತೆಗೆಯುತ್ತಿದ್ದಾಗ ತಳದ ಹಲಗೆಯ ಒಂದು ಮೂಲೆ ಅಲುಗಾಡಿತು. ಉಳಿ ಹಾಕಿ ಎಬ್ಬಿಸಿದೆ. ಕೆಳಗೆ ನಾಲ್ಕು ಬೆರಳಷ್ಟು ಜಾಗ. ಅದರಲ್ಲಿ ಹಸಿರು ಬಟ್ಟೆಯ ಒಂದು ಗಂಟು. ಬಿಚ್ಚಿದರೆ ಮಾಸಿದ ಬಿಳಿ ಬಟ್ಟೆಯ ಐದು ತುಂಡು. ಹೊಲಿಗೆ ಇಲ್ಲ, ಅಂಚು ಮಡಚಿಲ್ಲ, ಒಂದೊಂದೂ ಒಂದೊಂದು ಅಳತೆ. ಒಂದು ತುಂಡಿಗೆ ಸರಿಯಾಗಿ ನಡುವೆ ಒಂದು ಸೀಳು. ಕರ್ಪೂರದ ಘಾಟು ಮೂಗಿಗೆ ಬಡಿಯಿತು.

ಬೇರೆ ಯಾರೇ ಆಗಿದ್ದರೂ ಇದೇನಿರಬಹುದು ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು. ನಾನು ಅಸ್ತರಿಯವಳು. ಯಾವ ಬಟ್ಟೆ ಕಂಡರೂ ನನಗೆ ಅದು ಅಸ್ತರಿಯೇ. ಮನೆಯವರು ಒಳಬಟ್ಟೆ ಬದಲಾಯಿಸಲು ಕತ್ತರಿಸಿಟ್ಟು ಮರೆತಿದ್ದಾರೆ ಅಂದುಕೊಂಡೆ. ದೊಡ್ಡವು ಎರಡು, ತಳಕ್ಕೆ ಮತ್ತು ಸುತ್ತಲಿನ ಗೋಡೆಗೆ. ಸೀಳಿರುವುದು ಮುಚ್ಚಳಕ್ಕೆ, ಸೀಳು ಬೀಗದ ಕೊಂಡಿಗೆ. ಸಣ್ಣವು ಎರಡು ಒಳಗಿನ ಟ್ರೇಗೆ. ಹೆಚ್ಚಾದ ಉದ್ದವನ್ನು ಮಡಚಿ ಎರಡು ಪದರ ಮಾಡಿ ಇಟ್ಟು ನೋಡಿದರೆ ಎಲ್ಲವೂ ಸರಿಯಾಗಿ ಕೂತವು. ಕತ್ತರಿ ಮುಟ್ಟಬೇಕಾಗಲೇ ಇಲ್ಲ. ಇಷ್ಟು ಸಲೀಸಾದ ಕೆಲಸ ನನ್ನ ಆಯುಷ್ಯದಲ್ಲಿ ಮಾಡಿರಲಿಲ್ಲ. ಖುಷಿಯಿಂದಲೇ ಮೈದಾ ಅಂಟು ಕುದಿಸಿ, ಹುಳ ಹಿಡಿಯದಿರಲೆಂದು ಎಂದಿನಂತೆ ಒಂದು ಚಿಟಿಕೆ ಮೈಲುತುತ್ತ ಹಾಕಿ, ಸಂಜೆಯೊಳಗೆ ಅಂಟಿಸಿ ಮುಗಿಸಿದೆ.

ಅದು ಒಣಗಲಿಲ್ಲ.

ಬೀರೂರಿನ ಏಪ್ರಿಲ್ ಬಿಸಿಲಲ್ಲಿ ಹಪ್ಪಳ ಅರ್ಧ ದಿನಕ್ಕೆ ಗರಿಗರಿಯಾಗುತ್ತದೆ. ಪೆಟ್ಟಿಗೆಯನ್ನು ತಾರಸಿಗೆ ಹೊರಿಸಿ ಮುಚ್ಚಳ ತೆರೆದಿಟ್ಟೆ. ಮೂರು ದಿನವಾದರೂ ಕೈಯಿಟ್ಟರೆ ತಣ್ಣಗೆ, ಒದ್ದೆ. ಮೈದಾ ಕೊಟ್ಟ ಅಂಗಡಿಯವನನ್ನು ಬೈದೆ. ಅವನು ಅದೇ ಮೂಟೆಯ ಮೈದಾದಲ್ಲಿ ಪರೋಟ ಮಾಡಿ ತಿಂದವರು ಚೆನ್ನಾಗಿದ್ದಾರೆ ಎಂದು ನಕ್ಕ. ಒಂದು ಮಧ್ಯಾಹ್ನ ಮುಚ್ಚಳ ಹಾಕಿ, ಊಟ ಮಾಡಿ ಬಂದು ತೆಗೆದರೆ ಮುಚ್ಚಳದ ಒಳಮೈಯಲ್ಲಿ ಸಾಲಾಗಿ ಹನಿಗಳು. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಇರುವ ಹಾಗೆ. ಬೆರಳಲ್ಲಿ ಒರೆಸಿ ಯಾಕೋ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು.

ನಾನು ದೆವ್ವ ಭೂತಕ್ಕೆ ಹೆದರುವವಳಲ್ಲ. ಅಜ್ಜಂಪುರದ ಅತ್ತೆಯನ್ನು ಕಂಡವಳು ಇನ್ನಾವುದಕ್ಕೆ ಹೆದರಲಿ. ಹಡಗಿನ ಪೆಟ್ಟಿಗೆ, ಮರ ಉಪ್ಪು ಕುಡಿದಿದೆ, ಉಪ್ಪು ನೀರನ್ನು ಎಳೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸರಿಯಾದ ಮಾತೇ. ಆದರೆ ಅದೇ ಮರದ ಹೊರಮೈ ಒಣಗಿ ಬಿರುಕು ಬಿಟ್ಟಿತ್ತಲ್ಲ?

ಎರಡನೇ ವಾರ ಹೋಂಸ್ಟೇಯವನು ಫೋನಿನಲ್ಲಿ ಕೂಗಾಡಿದ ಮೇಲೆ, ಹೇಗಿದೆಯೋ ಹಾಗೆ ಕಳಿಸಿಬಿಡೋಣವೆಂದು ಆಟೋ ಕರೆಸಿದೆ. ಆಟೋದವನು ಒಂದು ಹಿಡಿಕೆ ಹಿಡಿದ, ನಾನು ಇನ್ನೊಂದು. ಎತ್ತಿದ ತಕ್ಷಣ ಅವನು ಕೆಳಗಿಟ್ಟ.

“ಒಳ್ಗೆ ನೀರೈತೇನಮ್ಮ?”

“ಬರೀ ಪೆಟ್ಗೆ ಕಣಪ್ಪ.”

“ತುಳುಕ್ತಲ್ರೀ.”

ತುಳುಕಿದ್ದು ನನಗೂ ಕೇಳಿತ್ತು. ತುಂಬಿದ ಕೊಡವನ್ನು ಸೊಂಟಕ್ಕೇರಿಸುವಾಗ ಆಗುವ ಸದ್ದು. ಮುಚ್ಚಳ ತೆಗೆದು ತೋರಿಸಿದೆ. ಬಿಳಿ ಬಟ್ಟೆಯ ಖಾಲಿ ಪೆಟ್ಟಿಗೆ. ಅವನು ಒಳಗೆ ಬಗ್ಗಿ ನೋಡಿದ, ನನ್ನ ಮುಖ ನೋಡಿದ, “ಬೇರೆ ಯಾರ್ನಾದ್ರೂ ಕರ್ಸ್ಕಳ್ರಿ” ಎಂದು ಹೊರಟೇಹೋದ. ಆ ದಿನದಿಂದ ತಾರಸಿಗೆ ಹೋದಾಗಲೆಲ್ಲ ಆ ಮೂಲೆಗೆ ಬೆನ್ನು ಹಾಕುತ್ತಿರಲಿಲ್ಲ. ಹೆದರಿಕೆಯಲ್ಲ ಅಂತ ಹೇಳಿಕೊಳ್ಳುತ್ತಿದ್ದೆ. ಹೆದರಿಕೆಯೇ.

ಇದಾಗಿ ಒಂದು ವಾರಕ್ಕೆ ಐವತ್ತರ ಆಸುಪಾಸಿನ ಮುಸ್ಲಿಂ ಹೆಂಗಸೊಬ್ಬರು ಬುರ್ಖಾದ ಮುಸುಕನ್ನು ಹಿಂದಕ್ಕೆ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ ನಮ್ಮ ಹಿಂಬಾಗಿಲಿಗೆ ಬಂದರು. ತರೀಕೆರೆಯ ಆ ಮನೆಯ ಸೊಸೆ. ಗುಜರಿಯವನನ್ನು ಕಡೂರಿನಲ್ಲಿ ಹುಡುಕಿ, ಅವನಿಂದ ನನ್ನ ವಿಳಾಸ ತೆಗೆದುಕೊಂಡಿದ್ದರು. ಕೂತು ನೀರು ಕುಡಿದವರೇ ಅಳುವುದಕ್ಕೆ ಶುರು ಮಾಡಿದರು.

“ನಮ್ಮತ್ತೇದು ಪೆಟ್ಗೆ ಕಣಕ್ಕ. ಸುಣ್ಣ ಹೊಡಿಯೋವಾಗ ಒಳಗಿನ ಸಾಮಾನೆಲ್ಲ ನಾನೇ ಬೀರುಗೆ ತುಂಬ್ದೆ. ಖಾಲಿ ಆಯ್ತು ಅಂತ ಕೊಟ್ಬಿಟ್ಟೆ. ಅದ್ರ ತಳದಾಗೆ ಅವ್ರ ಕಫನ್ ಇತ್ತಂತೆ. ನಂಗೇನು ಗೊತ್ತು? ವಯಸ್ಸಲ್ಲಿದ್ದಾಗ ಹಡಗಲ್ಲಿ ಹಜ್‌ಗೆ ಹೋಗಿದ್ರು. ಆಗೆಲ್ಲ ಹೋಗೋರು ಸತ್ರೆ ಹೊದ್ಸಕ್ಕೆ ಇರ್ಲಿ ಅಂತ ಕಫನ್ ಜೊತೇಲೇ ಇಟ್ಕಂಡು ಹೋಗ್ತಿದ್ರು. ಅಲ್ಲಿ ಜಮ್‌ಜಮ್ ಬಾವಿ ನೀರಲ್ಲಿ ಅದ್ದಿ ತಂದಿರೋ ಬಟ್ಟೆ ಕಣಕ್ಕ ಅದು. ಈಗ ಅವ್ರದ್ದು ಇವತ್ತೋ ನಾಳೆಯೋ ಅನ್ನಂಗೈತೆ. ಪೆಟ್ಗೆ ಎಲ್ಲಿ, ಪೆಟ್ಗೆ ಎಲ್ಲಿ ಅಂತ ಒಂದೇ ಸಮ ಕೇಳ್ತಾರೆ.”

ಐದು ತುಂಡು. ನಡುವೆ ಸೀಳು. ಆ ಸೀಳು ಬೀಗದ ಕೊಂಡಿಗಲ್ಲ, ಕೊರಳಿಗೆ. ಒಬ್ಬರ ಕಡೆಯ ಬಟ್ಟೆಯನ್ನು ನಾನು ಮೈದಾ ಅಂಟು ಬಳಿದು ಹಲಗೆಗೆ ಅಂಟಿಸಿದ್ದೆ, ಕಾಫಿ ಲೋಟ ಇಡುವವನ ಟೀಪಾಯಿಗಾಗಿ.

ಆಕೆ ಮಾತು ಮುಂದುವರಿಸಿದರು. “ಇಪ್ಪತ್ತು ದಿನದಿಂದ ಇನ್ನೊಂದು ಶುರುವಾಗೈತೆ. ಹಾಸ್ಗೆ ಒದ್ದೆ, ಹಾಸ್ಗೆ ಒದ್ದೆ ಅಂತಾರೆ. ಮುಟ್ಟಿ ನೋಡಿದ್ರೆ ಒಣಗೇ ಇರ್ತದೆ. ಬೆನ್ನಿಗೆ ಹಲಗೆ ಅಂಟ್ಕಂಡೈತೆ, ಬಿಡಿಸ್ರೀ ಅಂತಾರೆ. ಹತ್ತಿ ಹಾಸ್ಗೇಲಿ ಹಲಗೆ ಎಲ್ಲಿಂದ ಬತ್ತದೆ?”

ನಾನು ಅಂಟಿಸಿ ಇಪ್ಪತ್ತೊಂದು ದಿನವಾಗಿತ್ತು. ಲೆಕ್ಕ ಹಾಕುವುದೇ ಬೇಡವಾಗಿತ್ತು, ಆದರೂ ಹಾಕಿದೆ. ನಿಜ ಹೇಳುವ ಧೈರ್ಯ ಬರಲಿಲ್ಲ. “ಬಟ್ಟೆ ಇದೆ. ತೆಗೆದಿಟ್ಟಿದೀನಿ. ನಾಳೆ ನಾನೇ ತಗೊಂಡು ಬತ್ತೀನಿ” ಎಂದು ಸುಳ್ಳು ಹೇಳಿ ಕಳಿಸಿದೆ. ಆಕೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಂಟು ಕಲಸಿದ ಅದೇ ಕೈ.

ಅಂಟಿಸಿದ್ದನ್ನು ಬಿಡಿಸುವುದು ಕಷ್ಟದ ಕೆಲಸ. ಬಿಸಿನೀರಲ್ಲಿ ಟವೆಲು ಅದ್ದಿ, ಹಿಂಡಿ, ಮೇಲಿಟ್ಟು, ಅಂಟು ಮೆತ್ತಗಾದ ಮೇಲೆ ಬೆರಳಿನ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು. ಸಾಮಾನ್ಯವಾಗಿ ಬಟ್ಟೆ ಹರಿಯುತ್ತದೆ. ಇದು ಹರಿಯಲಿಲ್ಲ. ಗಾಯದ ಪಟ್ಟಿ ಬಿಡಿಸುವಾಗ ನರಳುವವರ ಮುಂದೆ ಕೂತಂತೆ, ನೋವಾಗುತ್ತದೇನೋ ಎಂದು ಕೈ ನಿಧಾನ ಮಾಡುತ್ತಿದ್ದೆ. ಬಿಡಿಸಿ, ಮೂರು ನೀರಲ್ಲಿ ಜಾಲಿಸಿದೆ. ಮೂರನೆಯ ನೀರೂ ಉಪ್ಪು. ದೊಡ್ಡ ತುಂಡಿನ ಒಂದು ಅಂಚಿನಲ್ಲಿ ಅಂಗೈಯಗಲ ಮೈಲುತುತ್ತದ ನೀಲಿ ಕಲೆ ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮರುದಿನ ಒದ್ದೆಯನ್ನೇ ಹಿಂಡಿ, ಹಸಿರು ಬಟ್ಟೆಯಲ್ಲಿ ಕಟ್ಟಿಕೊಂಡು ತರೀಕೆರೆಗೆ ಬಸ್ಸು ಹತ್ತಿದೆ. ಹಳೆಯ ಮನೆ, ಹೊಸ ಸುಣ್ಣದ ವಾಸನೆ. ಒಳಕೋಣೆಯ ಮಂಚದ ಮೇಲೆ ಅಜ್ಜಿ ಮಲಗಿದ್ದರು. ತೊಂಬತ್ತು ದಾಟಿರಬೇಕು. ಕಣ್ಣು ಪೂರ್ತಿ ಹೋಗಿತ್ತು. ಮಂಚದ ಅರ್ಧಕ್ಕೂ ಬಾರದಷ್ಟು ಕುಗ್ಗಿದ ಮೈ. ಗಂಟನ್ನು ಕೈಗೆ ಕೊಟ್ಟ ತಕ್ಷಣ ಅವರ ಬೆರಳುಗಳು ಒಳಗೆ ನುಗ್ಗಿ ಒಂದೊಂದೇ ತುಂಡನ್ನು ಎಣಿಸಿದವು. ಆಮೇಲೆ ಸೊಸೆಗೆ ದಖ್ಖನಿ ಉರ್ದುವಿನಲ್ಲಿ ಏನೋ ಹೇಳಿದರು. ಸೊಸೆ ಚಹಾ ಮಾಡಲು ಒಳಗೆ ಹೋದರು.

“ಬಾಗ್ಲು ಹಾಕಮ್ಮ. ನೀನಾ ಇದನ್ನ ಹಲಗೆಗೆ ಅಂಟ್ಸಿದ್ದು?”

ಯಾರೂ ಹೇಳಿರಲಿಲ್ಲ. ಹೇಳಲು ಯಾರಿಗೂ ಗೊತ್ತಿರಲಿಲ್ಲ. ನಾನು ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟೆ. “ತಪ್ಪಾಯ್ತು ಅಜ್ಜಿ. ಗೊತ್ತಾಗ್ಲಿಲ್ಲ.”

“ಇರ್ಲಿ ಬಿಡು. ಒದ್ದೆ ಐತಲ್ಲ?”

“ಎಷ್ಟು ಬಿಸಿಲಿಗೆ ಹಾಕಿದ್ರೂ ಒಣಗ್ತಿಲ್ಲ ಅಜ್ಜಿ.”

“ಒಣಗಲ್ಲ. ನಮ್ಮತ್ತೆ ಇನ್ನೂ ನೀರಲ್ಲೇ ಅವ್ರೆ.”

ಹೊರಗೆ ಯಾರದೋ ಬೈಕು ಹೋಯಿತು. ಅಜ್ಜಿ ಸದ್ದು ನಿಲ್ಲುವವರೆಗೂ ಕಾದು, ಎಪ್ಪತ್ತು ವರ್ಷ ಯಾರಿಗೂ ಹೇಳದ್ದನ್ನು, ಊರು ಹೆಸರು ಸರಿಯಾಗಿ ಗೊತ್ತಿಲ್ಲದ ನನಗೆ ಹೇಳಿದರು.

ಅಜ್ಜಿ, ಅವರ ಅತ್ತೆ, ಗಂಡ ಮೂವರೂ ಬೊಂಬಾಯಿಯಿಂದ ಹಡಗಿನಲ್ಲಿ ಹೋಗಿದ್ದರಂತೆ. ಅತ್ತೆ ಗಿಡ್ಡ, ಅಜ್ಜಿ ಆಗ ಎತ್ತರ. ಅವರವರ ಅಳತೆಗೆ ಕತ್ತರಿಸಿದ ಕಫನ್, ಒಂದೇ ಥರದ ಹಸಿರು ಬಟ್ಟೆಯಲ್ಲಿ ಎರಡು ಗಂಟು, ಒಂದೇ ಪೆಟ್ಟಿಗೆ. ಎಲ್ಲ ಮುಗಿಸಿ ವಾಪಸ್ಸು ಬರುವಾಗ ನಾಲ್ಕನೇ ದಿನ ಅತ್ತೆ ಹೋಗಿಬಿಟ್ಟರು. ಹಡಗಿನಲ್ಲಿ ಹೆಣವನ್ನು ಇಟ್ಟುಕೊಳ್ಳುವುದಿಲ್ಲ, ಸಮುದ್ರಕ್ಕೇ ಬಿಡುತ್ತಾರೆ. ಬೇಗ, ಬೇಗ ಎಂದು ಹೊರಗಿನಿಂದ ಕೂಗುತ್ತಿದ್ದರು. ಅಜ್ಜಿ ಅಳುತ್ತಾ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಗಂಟನ್ನು ತೆಗೆದು ಕೊಟ್ಟರು.

“ಬಿಚ್ಚಿ ನೋಡ್ಲಿಲ್ಲ ಕಣಮ್ಮ. ಕಫನ್ ಬಿಚ್ಚಕ್ಕೆ ಭಯ. ಇಪ್ಪತ್ತು ವರ್ಸದ ಹುಡ್ಗಿ ನಾನು. ಅವ್ರನ್ನ ನೀರಿಗೆ ಬಿಟ್ಟಾದ್ ಮೇಲೆ ಉಳಿದಿದ್ದನ್ನ ಬಿಚ್ಚಿದೆ. ಗಿಡ್ಡ ಇತ್ತು. ಅತ್ತೇದು. ನಂದು ಸಮುದ್ರಕ್ಕೆ ಹೋಗಿತ್ತು.”

“ಆಮೇಲೆ ಯಾರ್ಗೂ ಹೇಳ್ಲಿಲ್ವಾ?”

“ಯಾರ್ಗೆ ಹೇಳ್ಲಿ? ಗಂಡಂಗೆ, ನಿಮ್ಮಮ್ಮನ್ನ ಬೇರೆಯೋರ ಬಟ್ಟೇಲಿ ಕಳಿಸ್ದೆ ಅಂತ್ಲಾ? ಮನೇಲಿ ಎಲ್ರೂ ಈ ಗಂಟನ್ನ ಕಣ್ಗೆ ಒತ್ಕಂತಿದ್ರು. ನಂಗೆ ನೋಡಕ್ಕೇ ಆಗ್ತಿರ್ಲಿಲ್ಲ. ತಳದಾಗೆ ಹಾಕಿ ಹಲಗೆ ಮುಚ್ಚಿದೆ. ನಮ್ಮತ್ತೆ ಎಂಥೋರು ಗೊತ್ತಾ? ಅವ್ರ ಬಾಚಣ್ಗೆ ನಾನು ಮುಟ್ಟಂಗಿರ್ಲಿಲ್ಲ. ಅವ್ರ ಬಟ್ಟೆ ಹೊದ್ಕಂಡು ಅವ್ರ ಮುಂದೆ ಹೆಂಗೆ ನಿಲ್ಲಲಿ? ಒಯ್ದು ನೀರಿಗೆ ಬಿಡು, ಅವ್ರಿಗೆ ಮುಟ್ಟುತ್ತೆ. ನಂಗೆ ಅಂಗ್ಡೀಲಿ ಸಿಗೋ ಹೊಸ ಬಟ್ಟೆ ಸಾಕು. ನನ್ ಸೊಸೆಗೆ ಗೊತ್ತಾಗ್ಬಾರ್ದು, ಅವಳು ಎದೆ ಒಡ್ಕಂಡು ಸಾಯ್ತಾಳೆ. ಮಾಡ್ತೀಯಾ?”

ನನ್ನ ಬಾಯಿಗೆ ಕೊಂಕು ಮಾತು ಬೇಗ ಬರುತ್ತದೆ. ಇಲ್ಲಿರುವುದು ಭದ್ರೆ, ಅದು ಹೋಗಿ ಸೇರುವುದು ಆಚೆ ಕಡಲು, ನಿಮ್ಮತ್ತೆ ಇರುವುದು ಈಚೆ ಕಡಲಲ್ಲಿ ಎಂದೆ. ಅಜ್ಜಿ ನಕ್ಕರು. ಹಲ್ಲಿಲ್ಲದ ಬಾಯಲ್ಲಿ ಗಾಳಿಯಷ್ಟೇ ಬಂತು. “ನೀರಿಗೆ ನೀರು ಗೊತ್ತಿರ್ತದೆ ಕಣಮ್ಮ. ನೀನು ಬಿಡು, ಸಾಕು.”

ಮಾಡುತ್ತೇನೆ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟೆ. ಆ ಮನೆಯಲ್ಲಿ ನಾನು ಮಾಡಿದ ತಪ್ಪನ್ನು ತೊಳೆದುಕೊಳ್ಳಲು ಸಿಕ್ಕ ದಾರಿ ಅದೊಂದೇ ಆಗಿತ್ತು. ಸೊಸೆಗೆ, ಬಟ್ಟೆ ಇನ್ನೂ ಹಸಿ ಇದೆ, ಒಣಗಿಸಿ ನಾಳೆ ತರುತ್ತೇನೆಂದು ಹೇಳಿ ಗಂಟನ್ನು ವಾಪಸ್ಸು ತೆಗೆದುಕೊಂಡೆ.

ತರೀಕೆರೆಯ ಪೇಟೆಯಲ್ಲೇ ಅಂಗಡಿ ಸಿಕ್ಕಿತು. ಕಫನ್ ಬೇಕು ಎಂದಾಗ ವಯಸ್ಸಾದ ಅಂಗಡಿಯವರು ಕುಂಕುಮ ಇಟ್ಟ ನನ್ನ ಹಣೆಯನ್ನು ನೋಡಿದರು.

“ಗಂಡಸ್ರಿಗಾ, ಹೆಂಗಸ್ರಿಗಾ?”

“ಹೆಂಗಸ್ರಿಗೆ.”

“ಎಷ್ಟೆತ್ತರ?”

ಕುಗ್ಗಿದ ಅಜ್ಜಿಯ ಅಳತೆ ಹೇಳಬೇಕೋ, ಹಿಂದಿನ ಎತ್ತರದ ಹುಡುಗಿಯದೋ ತಿಳಿಯದೆ ತಬ್ಬಿಬ್ಬಾದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, “ನಿಮ್ಮಷ್ಟಾ?” ಎಂದರು. ಹೂಂ ಎಂದೆ. ಥಾನು ಬಿಚ್ಚಿ ಪರ್ರ್ ಪರ್ರ್ ಎಂದು ಐದು ತುಂಡು ಹರಿದರು, ಒಂದರ ನಡುವೆ ಕೊರಳಿಗೆ ಸೀಳಿದರು. ನನ್ನ ಕೊರಳನ್ನು ನಾನೇ ಒಮ್ಮೆ ಮುಟ್ಟಿಕೊಂಡೆ.

ಹೊಸ ಬಟ್ಟೆ ಹೊಸದಾಗಿ ಕಾಣಬಾರದಲ್ಲ. ಮನೆಗೆ ಬಂದು ತೆಳ್ಳಗಿನ ಚಹಾ ನೀರಲ್ಲಿ ಅದ್ದಿ ತೆಗೆದೆ. ಹಳೆಯದರ ಬಣ್ಣವೇ ಬಂತು, ನನ್ನ ಕೈಗುಣಕ್ಕೆ ನಾನೇ ಬೀಗಿದೆ. ತಾರಸಿಯ ಹಗ್ಗದ ಮೇಲೆ ಹೊಸದನ್ನು ಮೆಟ್ಟಿಲ ಕಡೆಗೆ, ಹಳೆಯದನ್ನು ಟ್ಯಾಂಕಿನ ಕಡೆಗೆ, ಎರಡನ್ನೂ ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಹಾಕಿದೆ. ಬೆಳಿಗ್ಗೆ ಹೊಸದು ಒಣಗಿರುತ್ತದೆ, ಹಳೆಯದು ಒದ್ದೆ ಇರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ ಎಂದುಕೊಂಡೆ.

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಸೊಸೆಯ ಫೋನು. “ಉಸ್ರು ಎಳೀತಾವ್ರೆ ಅಕ್ಕ, ಬೇಗ ಬನ್ನಿ.” ಮೇಲೆ ಓಡಿದೆ. ಗಾಳಿಗೆ ಬಟ್ಟೆಗಳು ಹಗ್ಗದ ಮೇಲೆ ಸರಿದು ನಡುವೆ ಒಂದೆಡೆ ಸೇರಿಕೊಂಡಿದ್ದವು. ಮುಟ್ಟಿದೆ. ಎರಡೂ ಒದ್ದೆ. ಹೊಸದೂ ತಣ್ಣಗೆ, ಭಾರವಾಗಿ, ಹನಿ ಇಡುತ್ತಿತ್ತು. ರಾತ್ರಿಯೆಲ್ಲ ಮೋಡವಿಲ್ಲ, ಮಂಜಿಲ್ಲ. ಪಕ್ಕದಲ್ಲಿ ಒಣಗಲು ಹಾಕಿದ್ದ ನನ್ನ ಲಂಗ ಖಡಕ್ಕಾಗಿ ಒಣಗಿತ್ತು.

ಎಡಗಡೆಯದು ಹೊಸದು ಎಂದು ನಿಶ್ಚಯಿಸಿಕೊಂಡೆ. ಮೆಟ್ಟಿಲ ಕಡೆ ಅಲ್ಲವೇ. ಪೂರ್ತಿ ಬಿಚ್ಚಿ ನೀಲಿ ಕಲೆ ಹುಡುಕಿದ್ದರೆ ಎರಡು ನಿಮಿಷದ ಕೆಲಸ. ಜನ್ಮವಿಡೀ ಪೆಟ್ಟಿಗೆ ಬಿಚ್ಚಿ ನೋಡುವುದೇ ಕಸುಬಾದವಳಿಗೆ ಆ ಬಟ್ಟೆ ಬಿಚ್ಚಲು ಕೈ ಬರಲಿಲ್ಲ. ಆತುರ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಿಚ್ಚಿದರೆ ಒಳಗೆ ಏನಾದರೂ ಇದ್ದೀತು ಎಂಬ ಭಯ. ಎಡಗಡೆಯದನ್ನು ಹಸಿರು ಬಟ್ಟೆಯಲ್ಲಿ ಕಟ್ಟಿದೆ, ಇನ್ನೊಂದನ್ನು ಕೈಚೀಲಕ್ಕೆ ತುರುಕಿದೆ, ಬಸ್ಸಿಗೆ ಓಡಿದೆ.

ಅಜ್ಜಿಯ ಮಾತು ನಿಂತುಹೋಗುವ ಹಂತದಲ್ಲಿತ್ತು. ಸುತ್ತ ಹೆಂಗಸರು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ನಾನು ಬಂದೆನೆಂದು ಸೊಸೆ ಕಿವಿಯಲ್ಲಿ ಹೇಳಿ, ಗಂಟನ್ನು ಎದೆಯ ಮೇಲಿಟ್ಟರು. ಅಜ್ಜಿಯ ಕೈ ಅದರ ಮೇಲೆ ಬಂತು. ನಾನು ಬಗ್ಗಿದೆ.

“ಬೇರೇದಾ?” ಎಂದರು, ನನಗೆ ಮಾತ್ರ ಕೇಳುವಷ್ಟು.

“ಬೇರೇದೇ ಅಜ್ಜಿ.”

ಅವರ ಹಣೆಯ ಮೇಲಿದ್ದ ಗಂಟು ಸಡಿಲವಾಯಿತು. ಒಬ್ಬರಿಗೆ ಇಷ್ಟು ನೆಮ್ಮದಿ ಕೊಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು ಇರಬೇಕು. ಹೊರಗೆ ಬಂದು ಬೀದಿಯಲ್ಲಿ ನಿಂತು ಅತ್ತುಬಿಟ್ಟೆ.

ಅಲ್ಲಿಂದಲೇ ಲಕ್ಕವಳ್ಳಿಯ ಬಸ್ಸು ಹಿಡಿದೆ. ಮಧ್ಯಾಹ್ನದ ಉರಿಬಿಸಿಲು, ಭದ್ರೆಯ ಹಿನ್ನೀರಿನ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಚೀಲದಲ್ಲಿದ್ದುದನ್ನು ನೋಡದೆಯೇ ಎತ್ತಿ ನೀರಿಗೆ ಬಿಟ್ಟೆ. ಮುಳುಗೀತು ಎಂದುಕೊಂಡಿದ್ದೆ. ಮುಳುಗಲಿಲ್ಲ. ಮೆಲ್ಲಗೆ ಮಡಿಕೆ ಬಿಚ್ಚಿಕೊಂಡು, ಉದ್ದವಾಗಿ, ಅಗಲವಾಗಿ, ಯಾರೋ ಅಂಗಾತ ಮಲಗಿದ ಹಾಗೆ ಹರಡಿಕೊಂಡಿತು. ಸೀಳಿದ ತುಂಡಿನ ನಡುವೆ ನೀರು ಕೊರಳಷ್ಟು ದಪ್ಪಕ್ಕೆ ಉಬ್ಬಿ ಇಳಿಯಿತು. ಗಾಳಿಯಿರಲಿಲ್ಲ, ಸೆಳವಿರಲಿಲ್ಲ. ಆದರೂ ಅದು ದಡ ಬಿಟ್ಟು ನಡುನೀರಿಗೆ ಹೋಯಿತು. ನಾನು ತಿರುಗಿ ನೋಡದೆ ರಸ್ತೆಗೆ ಹತ್ತಿದೆ.

ಅದೇ ದಿನ ಸಂಜೆ ಅಜ್ಜಿ ಹೋದರೆಂದು ಫೋನು ಬಂತು. ಮರುದಿನ ಬೆಳಿಗ್ಗೆ ಮಣ್ಣು. ಎತ್ತುವ ಮುಂಚೆ ಹೆಂಗಸರಿಗೆ ಮುಖ ನೋಡಲು ಬಿಟ್ಟಿದ್ದರು. ಸೊಸೆ ನನ್ನ ಕೈ ಹಿಡಿದು ಎಲ್ಲರನ್ನೂ ಸರಿಸಿ ಮುಂದಕ್ಕೆ ಕರೆದುಕೊಂಡು ಹೋದರು. ಅಜ್ಜಿಯ ಮುಖ ಚಿಕ್ಕ ಹುಡುಗಿಯದರ ಹಾಗೆ ಆಗಿತ್ತು. ತಲೆಯ ಕಡೆ ಬಟ್ಟೆಯನ್ನು ಸರಿಸಿ ಕೆನ್ನೆಯ ಪಕ್ಕಕ್ಕೆ ಮಡಚಿದ್ದರು. ಆ ಮಡಿಕೆಯ ಅಂಚಿನಲ್ಲಿ ಅಂಗೈಯಗಲ ನೀಲಿ.

ನಾನು ನೋಡುತ್ತಲೇ ನಿಂತೆ. ಒಮ್ಮೆ ಬಾಯಿ ತೆರೆದೆ ಕೂಡ. ನಿಲ್ಲಿಸಿ, ಇದಲ್ಲ ಎನ್ನಬೇಕಾಗಿತ್ತು. ಬೇರೆಯದು ಎಲ್ಲಿ ಎಂದು ಕೇಳಿದರೆ? ನನ್ನ ಎತ್ತರಕ್ಕೆ ಅಳೆದು ಹರಿದ ಆ ಐದು ತುಂಡುಗಳು ಭದ್ರೆಯ ನಡುನೀರಿನಲ್ಲಿದ್ದವು.

ಸೊಸೆ ನನ್ನ ಭುಜಕ್ಕೆ ತಲೆಯಿಟ್ಟು ಅಳುತ್ತಿದ್ದರು. ತಪ್ಪಿನ ಹೊರೆ ಇಳಿದವರ ಅಳು ಅದು.

“ನೋಡಿ ಅಕ್ಕ, ಹೊದ್ಸಿದ್ರೆ ಅಳತೆ ತಗಂಡು ಮಾಡ್ಸಿದಂಗೆ ಆಯ್ತು, ಒಂದು ಬೆರಳು ಹೆಚ್ಚಿಲ್ಲ, ಕಮ್ಮಿ ಇಲ್ಲ. ನೀವು ತಂದ್ಕೊಡ್ದೆ ಇದ್ದಿದ್ರೆ ನಮ್ಮತ್ತೆ ಯಾರ್ದೋ ಬಟ್ಟೇಲಿ ಹೋಗ್ಬೇಕಾಗಿತ್ತು.”

ಹೂಂ ಕಣಮ್ಮ ಎಂದೆ.